ಗುಲ್ಮಾರ್ಗಿನಲ್ಲಿ ಚಳಿಗಾಲದ ರಜೆ: ಮೊದಲ ಸಲ ಸ್ಕೀ ಕಲಿಯಲು ಹೊರಟ ಕುಟುಂಬಗಳಿಗೆ

ನಮ್ಮ ಕಡೆಯಿಂದ ಚಳಿಗಾಲದಲ್ಲಿ ಕಾಶ್ಮೀರಕ್ಕೆ ಹೋಗುವ ಬಹುಪಾಲು ಕುಟುಂಬಗಳು ಶ್ರೀನಗರದಲ್ಲಿ ಉಳಿದುಕೊಂಡು, ಒಂದು ಬೆಳಿಗ್ಗೆ ಟ್ಯಾಕ್ಸಿ ಹಿಡಿದು ಸುಮಾರು 50 ಕಿಲೋಮೀಟರ್ ದೂರದ ಗುಲ್ಮಾರ್ಗಿಗೆ ಹೋಗಿ, ಗೊಂಡೋಲಾ ಎಂಬ ಕೇಬಲ್ ಕಾರಿನ ಸಾಲಿನಲ್ಲಿ ನಿಂತು, ಮೇಲೆ ಹೋಗಿ ಫೋಟೊ ತೆಗೆಸಿಕೊಂಡು ಕತ್ತಲಾಗುವ ಮೊದಲೇ ಹಿಂದಿರುಗುತ್ತವೆ. ಇಷ್ಟು ದೂರ ಹೋಗಿ ಹಿಮವನ್ನು ಹೀಗೆ ನೋಡಿ ಬರುವುದು ದೊಡ್ಡ ನಷ್ಟವೆಂದೇ ನನ್ನ ಭಾವನೆ. ಗುಲ್ಮಾರ್ಗಿನಲ್ಲೇ ಕನಿಷ್ಠ ನಾಲ್ಕು ರಾತ್ರಿ ಉಳಿಯಿರಿ. ಮಕ್ಕಳಿಗೂ ನಿಮಗೂ ಹಿಮದ ಮೇಲೆ ನಿಲ್ಲುವುದು, ಬೀಳುವುದು, ಜಾರುವುದು ಅಭ್ಯಾಸವಾಗಲು ಅಷ್ಟು ಸಮಯ ಬೇಕೇ ಬೇಕು. ಈ ಬರಹದ ಸಲಹೆಗಳೆಲ್ಲ ಹಾಗೆ ಉಳಿಯುವವರಿಗಾಗಿ.

ಯಾವಾಗ ಹೋಗಬೇಕೆಂಬುದನ್ನು ಮೊದಲು ನಿರ್ಧರಿಸಬೇಕು. ಕಾಶ್ಮೀರದ ಅತಿ ಕಠಿಣ ಚಳಿಯ 40 ದಿನಗಳಾದ ಚಿಲ್ಲೈ ಕಲಾನ್ ಡಿಸೆಂಬರ್ 21ಕ್ಕೆ ಆರಂಭವಾಗಿ ಜನವರಿಯ ಕೊನೆಯವರೆಗೆ ಇರುತ್ತದೆ. ನಮ್ಮ ಅನೇಕ ಶಾಲೆಗಳಿಗೆ ಕ್ರಿಸ್‌ಮಸ್ ರಜೆ ಸಿಗುವುದು ಈ ಅವಧಿಯ ಆರಂಭದಲ್ಲಿ. ಆಗ ಚಳಿ ಇರುತ್ತದೆ, ಆದರೆ ಸ್ಕೀ ಮಾಡುವಷ್ಟು ಹಿಮ ಶೇಖರವಾಗಿರುತ್ತದೆಂಬ ಭರವಸೆಯಿಲ್ಲ. 2024ರ ಜನವರಿಯ ಬಹುಭಾಗ ಗುಲ್ಮಾರ್ಗಿನ ಮೈದಾನ ಹಿಮವಿಲ್ಲದೆ ಬೋಳಾಗಿತ್ತು. 2025ರಲ್ಲಿ ಫೆಬ್ರವರಿಗೆ ನಿಗದಿಯಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಮಾರ್ಚಿಗೆ ಮುಂದೂಡಬೇಕಾಯಿತು. ಶಾಲೆಗೆ ನಾಲ್ಕೈದು ದಿನ ರಜೆ ಹಾಕಿಸಲು ಸಾಧ್ಯವಿದ್ದರೆ ಜನವರಿಯ ಕೊನೆಯಿಂದ ಫೆಬ್ರವರಿಯ ಮೂರನೆಯ ವಾರದವರೆಗಿನ ಸಮಯವನ್ನು ಆರಿಸಿಕೊಳ್ಳಿ. ಉತ್ತರಾಖಂಡದ ಔಲಿಯಲ್ಲೂ ಮನಾಲಿ ಬಳಿಯ ಸೋಲಂಗ್ ಕಣಿವೆಯಲ್ಲೂ ಸ್ಕೀ ಕಲಿಯಬಹುದು. ಆದರೆ ವಿಮಾನ ನಿಲ್ದಾಣದಿಂದ ಇಷ್ಟು ಸಮೀಪದಲ್ಲಿ, ಹೊಸಬರಿಗೆ ಒಗ್ಗುವ ಮೆಲ್ಲನೆಯ ಇಳಿಜಾರುಗಳು ಹೋಟೆಲಿನ ಬಾಗಿಲಿನಿಂದ ನಡೆದು ಹೋಗುವಷ್ಟು ಹತ್ತಿರ ಇರುವುದು ಗುಲ್ಮಾರ್ಗಿನ ಅನುಕೂಲ.

ಎತ್ತರದ ಬಗ್ಗೆ ಎಚ್ಚರ ಅಗತ್ಯ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಗುಲ್ಮಾರ್ಗಿನ ಮೈದಾನವೇ ಅದಕ್ಕಿಂತ ಸುಮಾರು 700 ಮೀಟರ್ ಮೇಲಿದೆ. ಗೊಂಡೋಲಾದ ಮೊದಲ ಹಂತ 3,000 ಮೀಟರಿಗೂ ಮೇಲಿರುವ ಕೊಂಗ್ಡೂರಿಗೆ, ಎರಡನೆಯ ಹಂತ ಅಫರ್ವತ್ ಬೆಟ್ಟದ ಹೆಗಲಿಗೆ, ಅಂದರೆ ಸುಮಾರು 3,950 ಮೀಟರಿಗೆ ಕರೆದೊಯ್ಯುತ್ತದೆ. ಆದ್ದರಿಂದ ತಲುಪಿದ ದಿನ ಯಾವ ಸಾಹಸವನ್ನೂ ಮಾಡದೆ ನಿಧಾನವಾಗಿ ಓಡಾಡಿ, ಬಾಯಾರಿಕೆ ಆಗದಿದ್ದರೂ ಬೆಚ್ಚಗಿನ ನೀರು ಕುಡಿಯುತ್ತಿದ್ದು, ಬೇಗ ಮಲಗಬೇಕು. ಮಗುವಿಗೆ ತಲೆನೋವು, ವಾಕರಿಕೆ, ಊಟ ಬೇಡವೆನ್ನುವ ಹಟ ಕಂಡರೆ ಅದನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕಬೇಡಿ. ಮೇಲಕ್ಕೆ ಹೋಗುವ ಕಾರ್ಯಕ್ರಮ ನಿಲ್ಲಿಸಿ, ಕಡಿಮೆಯಾಗದಿದ್ದರೆ ಕೆಳಗೆ ಬೆಟ್ಟದ ಬುಡದಲ್ಲಿರುವ ತಂಗ್‌ಮಾರ್ಗ್‌ಗೋ ಶ್ರೀನಗರಕ್ಕೋ ಇಳಿದು ವೈದ್ಯರಿಗೆ ತೋರಿಸಿ. ಹೃದಯದ ತೊಂದರೆ ಅಥವಾ ಉಬ್ಬಸ ಇರುವ ಅಜ್ಜ ಅಜ್ಜಿಯರು ಊರಿನಲ್ಲೇ ವೈದ್ಯರ ಒಪ್ಪಿಗೆ ಪಡೆದು ಹೊರಡಬೇಕು. ಅಂಥವರನ್ನೂ ಎಳೆಯ ಕೂಸುಗಳನ್ನೂ ಎರಡನೆಯ ಹಂತಕ್ಕೆ ಕರೆದೊಯ್ಯದಿರುವುದೇ ಲೇಸು.

ಬಟ್ಟೆಯ ವಿಷಯದಲ್ಲಿ ದಪ್ಪಕ್ಕಿಂತ ಪದರ ಮುಖ್ಯ. ಮೈಗೆ ತಾಗುವ ಪದರ ಥರ್ಮಲ್ ಆಗಿರಲಿ, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕೂ ಹೊರಗೆ ಗಾಳಿ ಮತ್ತು ನೀರು ತಡೆಯುವ ಜಾಕೆಟ್ ಹಾಗೂ ಪ್ಯಾಂಟು. ಹತ್ತಿಯ ಬನಿಯನ್ನನ್ನು ಒಳಗೆ ಹಾಕಬೇಡಿ. ಬೆವರು ಹೀರಿ ಒದ್ದೆಯಾಗುವ ಹತ್ತಿ, ನಿಂತ ಕೂಡಲೇ ಮೈಯನ್ನು ತಣ್ಣಗಾಗಿಸುತ್ತದೆ. ಜಾಕೆಟ್ಟು, ಗಂಬೂಟುಗಳು ತಂಗ್‌ಮಾರ್ಗ್‌ನಲ್ಲಿ ಬಾಡಿಗೆಗೆ ಸಿಗುತ್ತವೆಯಾದ್ದರಿಂದ ಅವನ್ನೆಲ್ಲ ಕೊಳ್ಳಬೇಕಿಲ್ಲ. ಕೈಗವಸು, ಕಾಲುಚೀಲ, ಥರ್ಮಲ್‌ಗಳನ್ನು ಮಾತ್ರ ಊರಿನಿಂದಲೇ ಒಯ್ಯಿರಿ. ಮಕ್ಕಳಿಗೆ ಕೈಗವಸು ಎರಡು ಜೊತೆ ಬೇಕು, ಏಕೆಂದರೆ ಮೊದಲ ಜೊತೆ ಮಧ್ಯಾಹ್ನದೊಳಗೆ ಒದ್ದೆಯಾಗುವುದು ಖಂಡಿತ. ಹೊಸ ಹಿಮ ತನ್ನ ಮೇಲೆ ಬೀಳುವ ಅತಿನೇರಳೆ ಕಿರಣಗಳಲ್ಲಿ ಶೇಕಡ 80ರಷ್ಟನ್ನು ಪ್ರತಿಫಲಿಸಬಲ್ಲದಾದ್ದರಿಂದ ಮೋಡವಿರುವ ದಿನವೂ ಕಪ್ಪು ಕನ್ನಡಕವನ್ನೋ ಗಾಗಲ್ಸನ್ನೋ ತೆಗೆಯಬಾರದು. ಸನ್‌ಸ್ಕ್ರೀನನ್ನು ಗಲ್ಲದ ಕೆಳಭಾಗಕ್ಕೂ ಮೂಗಿನ ಅಡಿಗೂ ಹಚ್ಚಬೇಕು.

ಇನ್ನು ಕಲಿಕೆಗೆ ಬರೋಣ. ಗುಲ್ಮಾರ್ಗಿನಲ್ಲಿ 1968ರಲ್ಲಿ ಆರಂಭವಾದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಸ್ಥಳೀಯ ತರಬೇತುದಾರರೂ ಬಹಳ ಜನ ಸಿಗುತ್ತಾರೆ. ದಾರಿಯಲ್ಲಿ ಸಿಕ್ಕವರೊಂದಿಗೆ ಒಂದು ಗಂಟೆಯ ಲೆಕ್ಕದಲ್ಲಿ ಚೌಕಾಸಿ ಮಾಡುವ ಬದಲು ಹೋಟೆಲಿನವರ ಮೂಲಕವೋ ಪ್ರವಾಸೋದ್ಯಮ ಇಲಾಖೆಯ ಕಚೇರಿಯಲ್ಲೋ ವಿಚಾರಿಸಿ, ಪರವಾನಗಿ ನೋಡಿ, ಇಡೀ ಕುಟುಂಬಕ್ಕೆ ಮೂರು ದಿನವೂ ಒಬ್ಬರೇ ಬರುವಂತೆ ಗೊತ್ತುಮಾಡಿಕೊಳ್ಳಿ. ಮೊದಲ ದಿನ ಮಗು ಯಾವುದಕ್ಕೆ ಹೆದರಿತು ಎಂದು ತಿಳಿದಿರುವವರು ಎರಡನೆಯ ದಿನ ಹೆಚ್ಚು ಚೆನ್ನಾಗಿ ಕಲಿಸುತ್ತಾರೆ.

ಬೂಟಿನ ಅಳತೆಗೆ ಸಾಕಷ್ಟು ಸಮಯ ಕೊಡಿ, ಏಕೆಂದರೆ ಮಕ್ಕಳು ಅತ್ತು ಹಿಂದಿರುಗುವುದು ಹೆಚ್ಚಾಗಿ ಬೂಟಿನ ದೆಸೆಯಿಂದ. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು, ಬಾಗುವುದಿಲ್ಲ. ಅದರೊಳಗೆ ತೆಳುವಾದ, ಮೊಣಕಾಲಿನವರೆಗೆ ಬರುವ ಒಂದೇ ಜೊತೆ ಕಾಲುಚೀಲ ಇರಬೇಕು. ಚಳಿಯೆಂದು ಎರಡು ಜೊತೆ ಹಾಕಿದರೆ ರಕ್ತ ಸಂಚಾರಕ್ಕೆ ಅಡ್ಡಿಯಾಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಥರ್ಮಲ್ ಪ್ಯಾಂಟಿನ ಅಂಚು ಬೂಟಿನೊಳಗೆ ಮಡಚಿಕೊಂಡರೆ ಮೀನಖಂಡದ ಮುಂದೆ ಚರ್ಮ ಸುಲಿಯುತ್ತದೆ, ಆದ್ದರಿಂದ ಅದನ್ನು ಮೇಲಕ್ಕೆಳೆದುಕೊಳ್ಳಬೇಕು. ಮಗು ನೇರ ನಿಂತಾಗ ಹೆಬ್ಬೆರಳು ಬೂಟಿನ ಮುಂಭಾಗಕ್ಕೆ ಸ್ವಲ್ಪ ತಾಗಬೇಕು, ಮೊಣಕಾಲು ಬಗ್ಗಿಸಿ ಮುಂದಕ್ಕೆ ಬಾಗಿದಾಗ ಹಿಂದೆ ಸರಿಯಬೇಕು; ಹಿಮ್ಮಡಿ ಮಾತ್ರ ಮೇಲೇಳಬಾರದು. ಸ್ಕೀ ಪಟ್ಟಿಯ ಉದ್ದ ಹೊಸಬರಿಗೆ ಎದೆಯಿಂದ ಗದ್ದದವರೆಗೆ ಬಂದರೆ ಸಾಕು. ಬಿದ್ದಾಗ ಬೂಟನ್ನು ಪಟ್ಟಿಯಿಂದ ಬಿಡಿಸುವ ಬೈಂಡಿಂಗನ್ನು ತೂಕಕ್ಕೆ ತಕ್ಕಂತೆ ಬಿಗಿಗೊಳಿಸಬೇಕಾದ್ದರಿಂದ, ಬಾಡಿಗೆ ಅಂಗಡಿಯಲ್ಲಿ ಪ್ರತಿಯೊಬ್ಬರ ತೂಕವನ್ನು ಸರಿಯಾಗಿ ಹೇಳಿ, ನಿಮ್ಮೆದುರಿಗೇ ಸರಿಪಡಿಸಿಕೊಡಲು ಕೇಳಿ. ಹೆಲ್ಮೆಟ್ ಇಲ್ಲದೆ ಮಕ್ಕಳನ್ನು ಇಳಿಜಾರಿಗೆ ಬಿಡಬೇಡಿ.

ಹಿಮದ ಮೇಲೆ ನಿಂತು ಸ್ಕೀ ತೊಡುವಾಗ ಬೂಟಿನ ಅಡಿಗೆ ಅಂಟಿದ ಹಿಮವನ್ನು ಕೈಯಲ್ಲಿ ಹಿಡಿಯುವ ಸ್ಕೀ ಕೋಲಿನಿಂದ ಕೆರೆದು ತೆಗೆದು, ಮೊದಲು ಬೂಟಿನ ಮೂತಿಯನ್ನು ಸೇರಿಸಿ, ಬಳಿಕ ಹಿಮ್ಮಡಿಯನ್ನು ಟಕ್ ಎನ್ನುವವರೆಗೆ ಒತ್ತಬೇಕು. ಮೊದಲ ಪಾಠ ನಿಲ್ಲಿಸುವುದು: ಎರಡು ಪಟ್ಟಿಗಳ ಮುಂತುದಿಗಳನ್ನು ಒಂದಕ್ಕೊಂದು ತಾಗದಷ್ಟು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ, ಮೊಣಕಾಲು ಬಗ್ಗಿಸಿ, ಒಳ ಅಂಚಿನ ಮೇಲೆ ಭಾರ ಹಾಕಿದರೆ ವೇಗ ತಗ್ಗುತ್ತದೆ. ಜಾರಲು ತೊಡಗಿದೊಡನೆ ಹೆದರಿಕೆಯಿಂದ ಮೈ ಹಿಂದಕ್ಕೆ ವಾಲುವುದು ಸಹಜ, ಆದರೆ ಹಿಂದಕ್ಕೆ ವಾಲಿದಷ್ಟೂ ಪಟ್ಟಿಗಳು ಹಿಡಿತ ತಪ್ಪಿ ಓಡುತ್ತವೆ; ಆದ್ದರಿಂದ ಕೈಗಳನ್ನು ಮುಂದೆ ಚಾಚಿ ಮೀನಖಂಡದ ಮುಂಭಾಗದಿಂದ ಬೂಟಿನ ನಾಲಗೆಯನ್ನು ಒತ್ತುತ್ತಲೇ ಇರಬೇಕು. ಬೀಳುವುದು ಅನಿವಾರ್ಯವೆನಿಸಿದರೆ ಪಕ್ಕಕ್ಕೆ ಬೀಳಿ. ಏಳುವಾಗ ಪಟ್ಟಿಗಳೆರಡೂ ಇಳಿಜಾರಿಗೆ ಅಡ್ಡವಾಗಿ, ದೇಹಕ್ಕಿಂತ ಕೆಳಗೆ ಇರುವಂತೆ ತಿರುಗಿಸಿಕೊಂಡ ಮೇಲೆಯೇ ಎದ್ದು ನಿಲ್ಲಿ. ಐದಾರು ವರ್ಷದ ಮಕ್ಕಳಿಗೆ ಕೋಲುಗಳ ಅಗತ್ಯವೇ ಇಲ್ಲ. ಜಾರುವವರೆಲ್ಲ ಪಾಲಿಸುವ ನಿಯಮವೊಂದಿದೆ: ಮುಂದೆ, ಅಂದರೆ ಕೆಳಗೆ ಇರುವವರಿಗೆ ದಾರಿ ಬಿಡುವ ಹೊಣೆ ಹಿಂದಿನಿಂದ ಬರುವವರದು. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಿ. ಬೆಳಿಗ್ಗೆ ಎರಡು ಗಂಟೆ, ಊಟದ ನಂತರ ಒಂದು ಗಂಟೆ ಕಲಿತರೆ ಸಾಕು. ದಣಿದ ಕಾಲಿಗೇ ಪೆಟ್ಟಾಗುವುದು ಹೆಚ್ಚು.

ಚಳಿ ಅರಿಯದ ನಾಡಿನವರಿಗೆ ಇದೆಲ್ಲ ಸಾಧ್ಯವೇ ಎಂದು ಹಿಂಜರಿಯುವವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರನ್ನು ನೆನೆಯಬಹುದು. ಇದೇ ಗುಲ್ಮಾರ್ಗಿನ ಹಿಮದಲ್ಲಿ ಅವರು ಕರ್ನಾಟಕಕ್ಕೆ, ಬೆಟ್ಟ ಇಳಿಯುವ ಬದಲು ಹಿಮದ ಮೇಲೆ ದೂರ ಸಾಗುವ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಪದಕಗಳನ್ನು ಗೆದ್ದುಕೊಟ್ಟಿದ್ದಾರೆ.

ಗೊಂಡೋಲಾ ಟಿಕೆಟ್ಟನ್ನು ಜಮ್ಮು ಮತ್ತು ಕಾಶ್ಮೀರ ಕೇಬಲ್ ಕಾರ್ ನಿಗಮದ ಜಾಲತಾಣದಲ್ಲಿ ಮುಂಗಡವಾಗಿ ಕಾದಿರಿಸಬೇಕು. ಗಾಳಿ ಜೋರಾದರೆ ಎರಡನೆಯ ಹಂತ ನಿಲ್ಲುವುದು ಸಾಮಾನ್ಯ. ಕುಟುಂಬಕ್ಕೆ ಕೊಂಗ್ಡೂರಿಯೇ ಸಾಕಷ್ಟು ಸಂತೋಷ ಕೊಡುತ್ತದೆ. ಅಫರ್ವತ್‌ನ ಸ್ಕೀಗೆಂದು ಗುರುತಿಸಿದ ಎಲ್ಲೆಯಾಚೆಯ ಇಳಿಜಾರುಗಳಲ್ಲಿ ಹಿಮಕುಸಿತದ ಅಪಾಯವಿದೆ. 2023ರ ಫೆಬ್ರವರಿಯಲ್ಲಿ ಅಲ್ಲಿ ಪೋಲೆಂಡಿನ ಇಬ್ಬರು ನುರಿತ ಸ್ಕೀಯರುಗಳು ಪ್ರಾಣ ಕಳೆದುಕೊಂಡರು. ಸ್ಕೀ ಇಳಿಜಾರುಗಳ ಗಸ್ತಿನವರು ಹಗ್ಗ ಕಟ್ಟಿ ಮುಚ್ಚಿದ ಕಡೆ ಯಾರೇ ಕರೆದರೂ ಹೋಗಬೇಡಿ.

ಕೋಣೆಯಲ್ಲಿ ಬುಖಾರಿ ಒಲೆಯೋ ಗ್ಯಾಸ್ ಹೀಟರೋ ಇದ್ದರೆ ಕಿಟಕಿಯ ಒಂದು ಸಂದನ್ನು ತೆರೆದಿಟ್ಟು, ಮಲಗುವ ಮೊದಲು ಒಲೆಯನ್ನು ಆರಿಸಿ. ಮುಚ್ಚಿದ ಕೋಣೆಯಲ್ಲಿ ಸೇರಿಕೊಳ್ಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಕಾಶ್ಮೀರದಲ್ಲಿ ಚಳಿಗಾಲದಲ್ಲಿ ಇದರಿಂದ ಇಡೀ ಕುಟುಂಬಗಳೇ ಸತ್ತದ್ದುಂಟು. ವಿದ್ಯುತ್ ಕಂಬಳಿ ಇರುವ ಹೋಟೆಲನ್ನು ಆರಿಸಿ, ವಿದ್ಯುತ್ ಹೋದಾಗ ಜನರೇಟರ್ ಎಷ್ಟು ಹೊತ್ತು ನಡೆಯುತ್ತದೆಂದು ಮೊದಲೇ ಕೇಳಿ.

ಊಟಕ್ಕೆ ಚಿಂತೆ ಬೇಡ. ಕಾಶ್ಮೀರಿಗಳೂ ಅನ್ನ ಉಣ್ಣುವವರೇ, ಹಾಕ್ ಸೊಪ್ಪು, ರಾಜ್ಮಾ, ತಾವರೆ ದಂಟಿನ ನದ್ರು ಸಸ್ಯಾಹಾರಿಗಳಿಗೆ ಹಿಡಿಸುತ್ತವೆ. ಮಕ್ಕಳಿಗಾಗಿ ಅವಲಕ್ಕಿ ಮತ್ತು ಚಟ್ನಿಪುಡಿಯ ಡಬ್ಬಿ ಜೊತೆಗಿರಲಿ.

ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಸಂಪರ್ಕ ಇರಬೇಕು. ಹೊರಡುವ ವಾರ ಸರ್ಕಾರದ ಭದ್ರತಾ ಸೂಚನೆಗಳನ್ನೂ ಹವಾಮಾನ ವರದಿಯನ್ನೂ ನೋಡಿಕೊಳ್ಳಿ. ಹಿಮ ಬಿದ್ದ ದಿನ ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಚಕ್ರಕ್ಕೆ ಸರಪಳಿ ಕಟ್ಟಿದ ಅಥವಾ ನಾಲ್ಕೂ ಚಕ್ರಕ್ಕೆ ಎಳೆತವಿರುವ ವಾಹನಗಳನ್ನು ಮಾತ್ರ ಬಿಡುವುದರಿಂದ ಅಲ್ಲಿ ಗಾಡಿ ಬದಲಿಸಬೇಕಾದೀತು, ಆ ಖರ್ಚನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಹಿಂದಿರುಗುವಾಗ ವಿಮಾನದ ಹಿಂದಿನ ದಿನವೇ ಶ್ರೀನಗರಕ್ಕೆ ಇಳಿದುಬಿಡಿ. ಹಿಮದಿಂದ ವಿಮಾನ ರದ್ದಾದರೆ 2025ರ ಜೂನ್‌ನಲ್ಲಿ ಆರಂಭವಾದ ಶ್ರೀನಗರ ಮತ್ತು ಕಟ್ರಾ ನಡುವಿನ ವಂದೇ ಭಾರತ್ ರೈಲು ಈಗ ಇನ್ನೊಂದು ದಾರಿ. ಆದರೂ ಎರಡು ದಿನಕ್ಕಾಗುವಷ್ಟು ಹೆಚ್ಚುವರಿ ಔಷಧಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.