ಸೆಟ್ ಬಿಚ್ಚಿ ಸೋಮನಾಥಪುರ ಕಟ್ಟಿದೆ

ನಮ್ಮ ಮನೆಯ ಶೋಕೇಸಿನಲ್ಲಿ ಎರಡು ವರ್ಷ ಕೂತಿದ್ದ ಲೆಗೊ (ಪ್ಲಾಸ್ಟಿಕ್ ಬ್ರಿಕ್ಕುಗಳನ್ನು ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಆಟಿಕೆ) ಹಡಗನ್ನು ಎರಡು ಭಾನುವಾರ ಕೂತು ಪೂರ್ತಿ ಬಿಚ್ಚಿದೆ. ಸ್ಟಾರ್ ವಾರ್ಸ್ ಸಿನಿಮಾದ ಆಕಾಶನೌಕೆ ಮಿಲೇನಿಯಂ ಫಾಲ್ಕನ್ ಅದು, 2017ರಲ್ಲಿ ಬಂದ ದೊಡ್ಡ ಸೆಟ್. ಒಟ್ಟು 7,541 ಚೂರು. ಬಿಚ್ಚಿದ ರಾಶಿಯ ಫೋಟೊ ನೋಡಿ ಬೆಂಗಳೂರಿನ ಗೆಳೆಯ ತಕ್ಷಣ ಫೋನ್ ಮಾಡಿದ. "ಏನೋ ಇದು, ಯಾರಾದ್ರೂ ಹೀಗೆ ಮಾಡ್ತಾರೇನೋ?" ಅಂದ. ಅವನಿಗೆ ನಿಜವಾಗಿಯೂ ಸಂಕಟವಾಗಿತ್ತು.

ಅವನ ಸಂಕಟ ನನಗೆ ಅರ್ಥವಾಗುತ್ತದೆ. ದೊಡ್ಡವರಾದ ಮೇಲೂ ಲೆಗೊ ಕಟ್ಟುವ ನಮ್ಮಂಥವರಲ್ಲಿ ಹೆಚ್ಚಿನವರು ಸೆಟ್ ಕಟ್ಟಿ, ಗಾಜಿನ ಹಿಂದೆ ಇಟ್ಟು, ಧೂಳು ಒರೆಸುತ್ತಾರೆ. ಇನ್ನು ಕೆಲವರು ಡಬ್ಬವನ್ನೇ ಒಡೆಯುವುದಿಲ್ಲ. ಕಂಪನಿ ಆ ಸೆಟ್ ನಿಲ್ಲಿಸಿದ ಮೇಲೆ ಬೆಲೆ ಏರುತ್ತದೆ ಅಂತ ಕಾಯುತ್ತಾರೆ. ನಾನು ಒಪ್ಪದಿರುವುದು ಇದನ್ನೇ. ಪುಸ್ತಕ ನೋಡಿ ಕಟ್ಟುವುದರಲ್ಲಿ ಖುಷಿ ಇದೆ, ಇಲ್ಲ ಅನ್ನಲ್ಲ. ಆದರೆ ಅದು ಇನ್ನೊಬ್ಬರು ಯೋಚನೆ ಮಾಡಿ ಮುಗಿಸಿದ ಕಟ್ಟಡ. ಲೆಗೊ ಅನ್ನುವ ಹೆಸರು ಬಂದಿರುವುದೇ ಡೇನಿಶ್ ಭಾಷೆಯಲ್ಲಿ 'ಚೆನ್ನಾಗಿ ಆಡು' ಅನ್ನುವ ಎರಡು ಪದಗಳಿಂದ. ಎಂಟು ಉಬ್ಬಿನ ಒಂದೇ ಬಣ್ಣದ ಬ್ರಿಕ್ ಆರು ಕೊಟ್ಟರೆ ಅವನ್ನು 91 ಕೋಟಿಗೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದು. ನನ್ನ ಹತ್ತಿರ ಏಳೂವರೆ ಸಾವಿರ ಇದ್ದವು, ಅವೆಲ್ಲ ಒಂದೇ ರೂಪದಲ್ಲಿ ಎರಡು ವರ್ಷ ಸುಮ್ನೆ ಕೂತಿದ್ದವು.

ಆ ಹಡಗಿನ ಚೂರುಗಳಲ್ಲಿ ಹೆಚ್ಚಿನವು ಬೂದು. ಇಷ್ಟೊಂದು ಬೂದು ಬಣ್ಣ ಯಾಕೆ ಬೇಕಾಯಿತು ಅಂದರೆ, ಸೋಮನಾಥಪುರಕ್ಕೆ. ಮೈಸೂರಿನ ನಮ್ಮ ಮನೆಯಿಂದ ಅಲ್ಲಿಗೆ ಹೆಚ್ಚು ಕಡಿಮೆ ಒಂದು ಗಂಟೆ ದಾರಿ. 1258ರಲ್ಲಿ ಹೊಯ್ಸಳರ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯ. ಚಿಕ್ಕಂದಿನಿಂದ ಎಷ್ಟು ಸಲ ಹೋಗಿದ್ದೇನೋ. ಆದರೆ ಹೋದ ವರ್ಷ ಹೋದಾಗ ಶಿಲ್ಪಗಳನ್ನು ಬಿಟ್ಟು ಗೋಡೆಯ ಮೂಲೆಗಳನ್ನೇ ಎಣಿಸುತ್ತಾ ನಿಂತೆ. ಅಲ್ಲಿನ ಗರ್ಭಗುಡಿಗಳ ತಳ 16 ಮೂಲೆಯ ನಕ್ಷತ್ರ. ಒಂದು ಚೌಕ ತಗೊಳ್ಳಿ, ನಡುವಿಗೆ ಗೂಟ ಹೊಡೆದು 22.5 ಡಿಗ್ರಿ ತಿರುಗಿಸಿ, ಮತ್ತೆ ಅಷ್ಟೇ ತಿರುಗಿಸಿ. ನಾಲ್ಕು ಚೌಕ ಒಂದರ ಮೇಲೊಂದು ಬಂದರೆ 16 ಮೂಲೆ ಸಿಗುತ್ತವೆ. ಕಲ್ಲಿನಲ್ಲಿ ಸರಿ, ಲೆಗೊದಲ್ಲಿ ಹೇಗೆ? ಬ್ರಿಕ್ ಮೇಲಿನ ಉಬ್ಬು, ಅಂದರೆ ಸ್ಟಡ್, ಎಲ್ಲವೂ 8 ಮಿಲಿಮೀಟರ್ ಅಂತರದಲ್ಲಿ ನೆಟ್ಟಗೆ ಸಾಲಾಗಿ ಕೂತಿರುತ್ತವೆ. ಓರೆಯಾಗಿ ಇಟ್ಟ ಪಟ್ಟಿಯ ಒಂದು ತುದಿ ಸ್ಟಡ್ ಮೇಲೆ ಕೂತರೆ ಇನ್ನೊಂದು ತುದಿ ಕೂರುವುದಿಲ್ಲ.

ಮೂರು ವಾರ ಕೀಲು ಇರುವ ಪ್ಲೇಟುಗಳನ್ನು, ಅಂದರೆ ತೆಳು ಬ್ರಿಕ್ಕುಗಳನ್ನು, ಹಾಕಿ ನೋಡಿದೆ. ಎಲ್ಲ ಅಲ್ಲಾಡುತ್ತಿತ್ತು. ದಾರಿ ತೋರಿಸಿದ್ದು ಹತ್ತನೇ ಕ್ಲಾಸಿನಲ್ಲಿರುವ ಮಗಳು. ಪೈಥಾಗೊರಸ್ ಲೆಕ್ಕ ಮಾಡುತ್ತಾ ಕೂತಿದ್ದಳು. "ಅಪ್ಪಾ, 5, 12, 13 ತ್ರಿಕೋನದ ಚಿಕ್ಕ ಕೋನ ಎಷ್ಟು ಗೊತ್ತಾ? 22.62" ಅಂದಳು. ನನಗೆ ಬೇಕಾಗಿದ್ದ 22.5ಕ್ಕೆ ಹತ್ತನೇ ಒಂದು ಡಿಗ್ರಿಯಷ್ಟೇ ವ್ಯತ್ಯಾಸ! ಅಂದರೆ 12 ಸ್ಟಡ್ ಆಚೆ, 5 ಸ್ಟಡ್ ಮೇಲೆ ಹೋದರೆ ಓರೆ ದೂರ ಸರಿಯಾಗಿ 13 ಸ್ಟಡ್. ಅದನ್ನು ಇಮ್ಮಡಿ ಮಾಡಿದರೆ 24, 10, 26.

ಆ ರಾತ್ರಿ ಇಬ್ಬರೂ ಗ್ರಾಫ್ ಹಾಳೆ ಹಿಡಿದು ಕೂತೆವು. ಒಂದು ಬದಿ 26 ಸ್ಟಡ್ ಇರುವ ಚೌಕ. ನೇರವಾಗಿ ಇಟ್ಟರೆ ಅದರ ಮೂಲೆ ನಡುವಿನಿಂದ 13 ಆಚೆ, 13 ಮೇಲೆ. ಒಂದು ಕಡೆಗೆ ತಿರುಗಿಸಿದರೆ ಮೂಲೆ 17 ಆಚೆ, 7 ಮೇಲೆ. ಇನ್ನೊಂದು ಕಡೆಗೆ ತಿರುಗಿಸಿದರೆ 7 ಆಚೆ, 17 ಮೇಲೆ. ಮೂರೂ ಚೌಕದ ಹನ್ನೆರಡು ಮೂಲೆಗಳು ಒಂದೂ ತಪ್ಪದೆ ಸ್ಟಡ್ ಮೇಲೇ ಬಂದವು. 48×48 ಸ್ಟಡ್ ಇರುವ ಒಂದೇ ಬೇಸ್‌ಪ್ಲೇಟಿನಲ್ಲಿ, ಅಂದರೆ ತಳದ ಹಲಗೆಯಲ್ಲಿ, ಎಲ್ಲವೂ ಹಿಡಿಯಿತು. ಅಂಥ ಖುಷಿ ನನಗೆ ಯಾವ ಸೆಟ್ ಮುಗಿಸಿದಾಗಲೂ ಆಗಿರಲಿಲ್ಲ.

ಕಟ್ಟಿದ್ದು ಹೀಗೆ. ಮೂಲೆ ಬರುವ ಕಡೆ ಗುಂಡನೆಯ 1×1 ಬ್ರಿಕ್ಕಿನ ಕಾಲು ಎಬ್ಬಿಸಿದೆ. ಗುಂಡು ಬ್ರಿಕ್ಕೇ ಬೇಕು. ಚೌಕದ್ದಾದರೆ ಓರೆ ಪಟ್ಟಿಗೆ ಅದರ ಮೂಲೆ ಅಡ್ಡ ಬರುತ್ತದೆ. ಕಾಲಿನ ಮೇಲೆ ಉದ್ದ ಪ್ಲೇಟು ಜೋಡಿಸಿ ಚೌಕಟ್ಟು ಮಾಡಿದೆ. ಒಂದು ಚೌಕಟ್ಟು ಇನ್ನೊಂದನ್ನು ದಾಟುವಲ್ಲಿ ಕೆಳಗಿನದರ ಸ್ಟಡ್ ತಾಗದ ಹಾಗೆ ನಡುವೆ ಒಂದು ಪ್ಲೇಟಿನಷ್ಟು, ಅಂದರೆ 3.2 ಮಿಲಿಮೀಟರ್ ಜಾಗ ಬಿಟ್ಟೆ. ಆಮೇಲೆ ಮೂಲೆಗಳನ್ನು ಮಾತ್ರ ಗೋಡೆಯಾಗಿ ಮೇಲಕ್ಕೆ ಎಬ್ಬಿಸಿದೆ. ಸೋಮನಾಥಪುರದ ಗೋಡೆಯ ಬುಡದಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಹಂಸ ಅಂತ ಆರು ಸಾಲು ಇವೆ. ಬಳ್ಳಿಗೆ ಸೀಳು ಸೀಳಾಗಿರುವ 1×2 ಟೈಲ್, ಅಂದರೆ ಮೇಲೆ ಸ್ಟಡ್ ಇಲ್ಲದ ಪ್ಲೇಟು ಹಾಕಿದೆ. ಆನೆಗೆ ಕ್ಲಿಪ್ ಇರುವ ಪುಟ್ಟ ಪ್ಲೇಟು. ಹತ್ತಿರದಿಂದ ಅದು ಕ್ಲಿಪ್ಪೇ. ಎರಡು ಮಾರು ದೂರ ನಿಂತು ಸಂಜೆ ಬೆಳಕಿನಲ್ಲಿ ನೋಡಿದರೆ ಸೊಂಡಿಲು ಎತ್ತಿದ ಸಾಲು. ಕಟ್ಟಿದ್ದು ಒಂದು ಗರ್ಭಗುಡಿ ಮಾತ್ರ. ಮಂಟಪ ಬಿಟ್ಟೆ.

ನಾಲ್ಕನೇ ಚೌಕ ಮಾತ್ರ ಕೂರಲಿಲ್ಲ. 45 ಡಿಗ್ರಿ ತಿರುಗಿದ ಅದರ ಮೂಲೆ ನಡುವಿನಿಂದ 18.38 ಸ್ಟಡ್ ದೂರದಲ್ಲಿ ಬರಬೇಕು. 18ನೇ ಸ್ಟಡ್ ಮೇಲೆ ಇಟ್ಟರೆ 3 ಮಿಲಿಮೀಟರ್ ಸಾಲದು. ಅರ್ಧ ಸ್ಟಡ್ ಸರಿಸುವ ಜಂಪರ್ ಹಾಕಿದರೆ ಸುಮಾರು 1 ಮಿಲಿಮೀಟರ್ ಜಾಸ್ತಿ. ಬಲವಂತ ಮಾಡಿದರೆ ಪ್ಲೇಟು ಬಿಲ್ಲಿನ ಹಾಗೆ ಬಾಗುತ್ತದೆ. ಹಾಗಾಗಿ ಅದನ್ನು ಎಲ್ಲಿಗೂ ಸಿಕ್ಕಿಸಲಿಲ್ಲ. ನುಣುಪಾದ ಟೈಲ್ ಮೇಲೆ ಸುಮ್ನೆ ಇಟ್ಟೆ. ಅಕ್ಕಪಕ್ಕದ ಮೂಲೆಗಳೇ ಅದನ್ನು ಹಿಡಿದುಕೊಂಡವು.

"ಸಿಕ್ಕಿಸದೇ ಇಟ್ಟರೆ ಅದು ಲೆಗೊನೇ ಅಲ್ಲ" ಅಂದ ಗೆಳೆಯ. ನಮ್ಮಲ್ಲಿ ಈ ಮಾತು ಬಹಳ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೊಯ್ಸಳರು ಬಳಪದ ಕಲ್ಲನ್ನು ಗಾರೆ ಇಲ್ಲದೆ, ಒಂದರ ಭಾರದ ಮೇಲೆ ಒಂದನ್ನು ನಿಲ್ಲಿಸಿದರು. ಭಾರವೂ ಒಂದು ಹಿಡಿತವೇ ಅಲ್ವಾ? ಅಂಟು ಹಚ್ಚುವುದನ್ನು ಮಾತ್ರ ನಾನೂ ಒಪ್ಪುವುದಿಲ್ಲ. ಅಂಟಿಸಿದರೆ ಮತ್ತೆ ಬಿಚ್ಚೋಕೆ ಆಗಲ್ಲ.

ಇನ್ನು ಬಣ್ಣದ ವಿಷಯ. 2004ರ ಸುಮಾರಿಗೆ ಲೆಗೊ ತನ್ನ ಬೂದು ಬಣ್ಣವನ್ನು ಬದಲಾಯಿಸಿತು. ಹಳೆಯದರಲ್ಲಿ ಸ್ವಲ್ಪ ಹಳದಿ ಛಾಯೆ, ಹೊಸದರಲ್ಲಿ ನೀಲಿ. ಆಗಿನ ಸಿಟ್ಟು ಕೆಲವು ಹಳೇ ಅಭಿಮಾನಿಗಳಿಗೆ ಇನ್ನೂ ಇಳಿದಿಲ್ಲ. ಎರಡನ್ನೂ ಬೆರೆಸಿದರೆ ಕೊಳಕಾಗಿ ಕಾಣುತ್ತದೆ ಅನ್ನುತ್ತಾರೆ. ಜರ್ಮನಿಯಲ್ಲಿರುವ ಅಣ್ಣನ ಮಕ್ಕಳ ಹಳೇ ಡಬ್ಬದಿಂದ ನನಗೆ ಎರಡು ಕಿಲೋದಷ್ಟು ಹಳೇ ಬೂದು ಸಿಕ್ಕಿತ್ತು. ಬೇಕಂತಲೇ ಬೆರೆಸಿದೆ. ಬಿಸಿಲಿಗೆ ಹಳದಿ ತಿರುಗಿದ್ದ ಚೂರುಗಳನ್ನು ಮಳೆನೀರು ಇಳಿಯುವ ಕಡೆ ಇಟ್ಟೆ. ನಿಜವಾದ ಗುಡಿಯ ಕಲ್ಲೂ ಒಂದೇ ಬಣ್ಣ ಇಲ್ಲ. ಎಲ್ಲ ಹೊಸ ಬೂದಿನಲ್ಲೇ ಕಟ್ಟಿದ್ದರೆ ನಿನ್ನೆ ಕಟ್ಟಿದ ಹಾಗೆ ಕಾಣುತ್ತಿತ್ತು.

ಹೊರಗಿಂದ ಕಾಣದ ಒಳಗೋಡೆಗೆ ಬೇರೆ ಕಂಪನಿಯ ಇಟ್ಟಿಗೆ ಹಾಕಿದ್ದೇನೆ. ಇದನ್ನು ಹೇಳಿದರೆ ಮಾತೇ ಬಿಡುವವರಿದ್ದಾರೆ, ಆದರೂ ಹೇಳುತ್ತೇನೆ. ನಮ್ಮ ದೇಶದಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಸಂಬಳದಲ್ಲಿ ಬದುಕುವವನು ಕಾಣದ ಜಾಗಕ್ಕೂ ಆ ಬೆಲೆ ತೆರಬೇಕಾ? ಲೆಗೊ 1949ರಲ್ಲಿ ತಂದ ಮೊದಲ ಇಟ್ಟಿಗೆ ಕೂಡ ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಅವರ ಕಿಡಿಕ್ರಾಫ್ಟ್ ಇಟ್ಟಿಗೆಯನ್ನು ನೋಡಿ ಮಾಡಿದ್ದು. 1958ರಲ್ಲಿ ಒಳಗೆ ಕೊಳವೆ ಸೇರಿಸಿ ಹಿಡಿತ ತಂದರಲ್ಲ, ಅದು ಅವರ ಸ್ವಂತ ಸಾಧನೆ. ಆ ಪೇಟೆಂಟಿನ ಕಾಲವೂ ಎಂದೋ ಮುಗಿದಿದೆ. ನಾನು ತಂದ ಅಗ್ಗದ ಇಟ್ಟಿಗೆಗಳಲ್ಲಿ ಹಿಡಿತ ಒಂದೇ ಥರ ಇರಲಿಲ್ಲ, ನಿಜ. ಹಾಗಾಗಿ ಭಾರ ನೇರ ಕೆಳಗೆ ಬರುವ ಕಡೆ ಮಾತ್ರ ಬಳಸಿದೆ. ಗುಂಡು ಕಾಲು, ಚೌಕಟ್ಟು, ಮೂಲೆ, ಇವೆಲ್ಲ ಲೆಗೊದ್ದೇ. ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಲೆಕ್ಕ ಕೆಡುತ್ತದೆ.

ದಸರಾಕ್ಕೆ ಗುಡಿ ಮುಗಿಯಿತು. ಗೊಂಬೆ ಕೂರಿಸಿದಾಗ ಪಟ್ಟದ ಗೊಂಬೆಗಳ ಮುಂದೆ ಮಣೆ ಹಾಕಿ ಅದರ ಮೇಲಿಟ್ಟೆವು. ಮೊದಲು ಅಮ್ಮ ಒಪ್ಪಿರಲಿಲ್ಲ. ಆಮೇಲೆ ಹತ್ತಿರ ಬಂದು, ಬಗ್ಗಿ, ಬೆರಳಿನಿಂದ ಒಂದೊಂದೇ ಮೂಲೆ ಮುಟ್ಟಿಕೊಂಡು ಸುತ್ತು ಬಂದರು. "ಇದು ನಮ್ಮ ಸೋಮನಾಥಪುರ ಅಲ್ವೇನೋ!" ಅಂದರು. ಗೊಂಬೆ ನೋಡಲು ಬಂದ ಮಕ್ಕಳಿಗೂ ಮುಟ್ಟಬೇಡಿ ಅಂತ ನಾನು ಹೇಳಲಿಲ್ಲ. ಸಿಕ್ಕಿಸದೇ ಇಟ್ಟಿದ್ದ ನಾಲ್ಕನೇ ಚೌಕ ಎರಡು ಸಲ ಜರುಗಿತು. ಎರಡು ಸಲವೂ ಸರಿಮಾಡಿ ಇಟ್ಟೆ.

ವಿಜಯದಶಮಿ ಕಳೆದು ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿದ ದಿನವೇ ಗುಡಿಯನ್ನೂ ಬಿಚ್ಚಿದೆ. ಹಳೇ ಪಂಚೆ ಹಾಸಿ ಅದರ ಮೇಲೆ ಸುರಿದೆ. ಮಗಳು ರಾಶಿಯ ಪಕ್ಕ ಕೂತು ಮತ್ತೆ ಗ್ರಾಫ್ ಹಾಳೆ ತೆಗೆದಳು. ಆ ನಾಲ್ಕನೇ ಚೌಕ ಅವಳನ್ನು ಬಿಟ್ಟಿರಲಿಲ್ಲ. ಎಲ್ಲವನ್ನೂ ಎರಡೂವರೆ ಪಟ್ಟು ದೊಡ್ಡದು ಮಾಡಿದರೆ ಬದಿ 65 ಸ್ಟಡ್ ಆಗುತ್ತದೆ. ಆಗ ನಾಲ್ಕನೆಯದರ ಮೂಲೆ ಬರುವುದು 45.96ಕ್ಕೆ. 46ರ ಜಂಪರ್ ಮೇಲೆ ಕೂರಿಸಿದರೆ ವ್ಯತ್ಯಾಸ ಬರೀ 0.3 ಮಿಲಿಮೀಟರ್. ಅಷ್ಟನ್ನು ಉದ್ದ ಪಟ್ಟಿಯ ಸಂದುಗಳೇ ನುಂಗಿಕೊಳ್ಳುತ್ತವೆ. ಉಳಿದ ಹನ್ನೆರಡು ಮೂಲೆಗಳು ಆಗಲೂ ಸ್ಟಡ್ ಮೇಲೇ ಬರುತ್ತವೆ. ನಾಲ್ಕು ಬೇಸ್‌ಪ್ಲೇಟು ಬೇಕು, ಮನೆಯಲ್ಲಿ ಎರಡಿವೆ. ಒಂದು ಕಡೆ 77 ಸೆಂಟಿಮೀಟರ್ ಆಗುವುದರಿಂದ ಮಣೆ ಸಾಲದು. ಬರುವ ದಸರಾಕ್ಕೆ ನೆಲದ ಮೇಲೇ ಜಾಗ ಬಿಡುತ್ತೇನೆ ಅಂತ ಅಮ್ಮ ಹೇಳಿದ್ದಾರೆ.