ಕೇಬಲ್ಲಿನ ಹೊಟ್ಟೆಯೊಳಗಿನ ಕಿಲುಬು

ಒಳಗೇ ವಾಸ ಮಾಡುವಂಥ ಗಾಡಿ, ನನ್ನ ಮೋಟರ್‌ಹೋಮಿನ ಬ್ಯಾಟರಿ ಟರ್ಮಿನಲ್ಲಿಗೆ ಬ್ರಷ್ ಹಾಕದೆ ನಾಲ್ಕು ವರ್ಷವಾಯಿತು. ಲಿಥಿಯಂ ಹಾಕಿಸಿಕೊಂಡಿರಬೇಕು ಅಂದುಕೊಳ್ಳಬೇಡಿ. ಅದೇ ನೀರು ಹಾಕುವ ಲೆಡ್ ಆಸಿಡ್, 12 ವೋಲ್ಟಿನವು ಎರಡು, ಮಂಚದ ಕೆಳಗಿನ ಬಾಕ್ಸಿನಲ್ಲಿ. ‘ಆಸಿಡ್ ಬ್ಯಾಟರಿ ಅಂದಮೇಲೆ ಕಿಲುಬು ಇದ್ದದ್ದೇ, ಗ್ರೀಸ್ ಬಳಿದು ಸುಮ್ಮನಿರಪ್ಪ’ ಅಂದಿದ್ದ ಗೆಳೆಯರೆಲ್ಲ ಮುಚ್ಚಳ ತೆಗೆಸಿ ನೋಡಿಕೊಂಡು ಹೋಗಿದ್ದಾರೆ. ಒಬ್ಬರಂತೂ ಬೆರಳಿಟ್ಟು ಉಜ್ಜಿಯೂ ನೋಡಿದರು.

ಅದಕ್ಕೂ ಹಿಂದಿನ ಮೂರು ವರ್ಷದ ಪಾಡು ಬೇರೆ. ಎರಡು ತಿಂಗಳಿಗೊಮ್ಮೆ ಟರ್ಮಿನಲ್ಲಿನ ಸೀಸದ ಗೂಟ, ಅಂದರೆ ಪೋಸ್ಟಿನ ಮೇಲೆ ಬಿಳಿ ಪುಡಿ, ಅದಕ್ಕೆ ಕೂರುವ ಕೇಬಲ್ ತುದಿಯ ತಾಮ್ರದ ಬಳೆ, ಅಂದರೆ ಲಗ್ಗಿನ ಮೇಲೆ ಅಪ್ಪಟ ಮೈಲುತುತ್ತ. ಅಡುಗೆ ಸೋಡಾ ನೀರು, ತಂತಿ ಬ್ರಷ್, ಪೆಟ್ರೋಲಿಯಂ ಜೆಲ್ಲಿ, ಮತ್ತೆ ಎರಡು ತಿಂಗಳು. ಕೊನೆಗೆ ಇನ್ವರ್ಟರ್ ಮೇಲೆ ಸ್ವಲ್ಪ ಲೋಡ್ ಬಿದ್ದರೂ ಲೋ ಬ್ಯಾಟರಿ ಅಂತ ಕೂಗತೊಡಗಿತು. ಮೆಕ್ಯಾನಿಕ್ ಒಬ್ಬರು ‘ಬ್ಯಾಟರಿ ಸತ್ತಿದೆ’ ಅಂದರು, ನಂಬಿದೆ. ಹೊಸ ಜೋಡಿ ಬಂತು, ಹಳೆಯದು ಗುಜರಿಗೆ ಹೋಯಿತು. ಐದೇ ತಿಂಗಳಿಗೆ ಅದೇ ಕೂಗು. ಆ ದುಡ್ಡಿನಲ್ಲಿ ಇಡೀ ಗಾಡಿಗೆ ಒಳ್ಳೆ ಕೇಬಲ್ ಎರಡು ಸಲ ಎಳೆಯಬಹುದಿತ್ತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಸಿಟ್ಟಿನಲ್ಲೇ ಮಲ್ಟಿಮೀಟರ್ ಹಿಡಿದು ಕೂತೆ. ಸಾವಿರ ವಾಟಿನ ಲೋಡ್ ಹಾಕಿದರೆ ನನ್ನ ಇನ್ವರ್ಟರ್ ಸುಮಾರು 90 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಎಷ್ಟು ವೋಲ್ಟೇಜ್ ಕಳೆದುಹೋಗುತ್ತದೆ ಅಂತ ಪೋಸ್ಟಿನಿಂದ ಲಗ್ಗಿಗೆ ಅಳೆದರೆ 20 ಮಿಲಿವೋಲ್ಟ್ ಆಸುಪಾಸು, ದೂರು ಹೇಳುವ ಹಾಗಿಲ್ಲ. ಅದೇ ಲಗ್ಗಿನಿಂದ ಕೇಬಲ್ಲಿನ ಆಚೆ ತುದಿಗೆ ಅಳೆದೆ, ಅರ್ಧ ವೋಲ್ಟಿಗಿಂತ ಜಾಸ್ತಿ! ಅಂದರೆ 45 ವಾಟಿನಷ್ಟು ಬರೀ ಬಿಸಿಯಾಗಿ ಹೋಗುತ್ತಿದೆ. ಕೇಬಲ್ ಹಿಡಿದರೆ ಲಗ್ಗಿನ ಪಕ್ಕದ ಒಂದು ಗೇಣು ಮಾತ್ರ ಕೈ ಚುರುಕ್ ಅನ್ನುತ್ತಿತ್ತು.

ಚಾಕುವಿನಿಂದ ಅಲ್ಲಿ ಉದ್ದಕ್ಕೂ ಸೀಳಿದೆ. ಹೊರಗಿನ ಕೆಂಪು ರಬ್ಬರ್ ಹೊಸದರ ಹಾಗೆ ಮಿರಮಿರ, ಒಳಗಿನ ಎಳೆಗಳು ಕಪ್ಪು, ಲಗ್ಗಿನ ಕಡೆ ಹಸಿರು ಹಿಟ್ಟು. ಉಗುರಿನಿಂದ ಕೆರೆದರೆ ಎಳೆಗಳು ಒಣ ಹುಲ್ಲಿನಂತೆ ಮುರಿದು ಬಿದ್ದವು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಕೇಬಲ್ಲು ಆಸಿಡ್ ಹೀರಿಕೊಂಡು ಒಂದು ಗೇಣು ಮೇಲೆ ಹತ್ತಿಸಿಕೊಂಡಿತ್ತು. ನಾನು ಮೂರು ವರ್ಷ ಟರ್ಮಿನಲ್ಲಿನ ಮುಖ ತೊಳೆಯುತ್ತಾ ಕೂತಿದ್ದೆ.

ಹಾಗಾಗಿ ಆ ತುದಿಗಳನ್ನೆಲ್ಲ ಎಸೆದೆ. ತವರ ಲೇಪಿಸಿದ ಎಳೆಗಳ ಕೇಬಲ್, ಅಂಥದೇ ಲಗ್, ಮೂತಿ ಮುಚ್ಚಿರುವಂಥದ್ದು. ಷಟ್ಕೋನ ಅಚ್ಚು ಇರುವ ಹೈಡ್ರಾಲಿಕ್ ಕ್ರಿಂಪರಿನಿಂದ, ಅಂದರೆ ಲಗ್ಗನ್ನು ಕೇಬಲ್ಲಿಗೆ ಅಮುಕಿ ಕೂರಿಸುವ ಇಕ್ಕಳದಿಂದ ಒತ್ತಿ, ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್, ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ. ಕಾಯಿಸಿದಾಗ ಎರಡೂ ಅಂಚಿನಲ್ಲಿ ಅಂಟು ಉಕ್ಕಿ ಸುತ್ತ ಉಂಗುರ ಕಟ್ಟಬೇಕು, ಕಟ್ಟದಿದ್ದರೆ ಬಿಚ್ಚಿ ಮತ್ತೆ ಮಾಡಿ. ಒತ್ತುವ ಮುಂಚೆ ಲಗ್ಗಿನೊಳಗೆ ಒಂದು ಪೇಸ್ಟ್ ತುಂಬುತ್ತೇನೆ. ಅದರ ಗುಟ್ಟು ನನ್ನ ಹತ್ತಿರವೇ ಇರಲಿ, ಇಷ್ಟು ದುಡ್ಡು ಸುಟ್ಟವನಿಗೆ ಅಷ್ಟಾದರೂ ಬೇಡವೇ.

ಕ್ರಿಂಪರಿನ ಖರ್ಚು ಉಳಿಸೋಣ ಅಂತ ಮೊದಲು ಬೆಸುಗೆಯನ್ನೂ ಹಾಕಿ ನೋಡಿದ್ದೆ. ಬೆಸುಗೆ ಎಳೆಗಳೊಳಗೆ ಹರಿದು ಅಷ್ಟುದ್ದ ಕಡ್ಡಿಯಂತೆ ಸೆಟೆದುಕೊಂಡಿತು. ಗಾಡಿಯ ಅಲುಗಾಟಕ್ಕೆ ಬೆಸುಗೆ ಮುಗಿಯುವ ಜಾಗದಲ್ಲೇ ಎಳೆಗಳು ಒಂದೊಂದಾಗಿ ಹರಿದವು. ಕೆಂಪು ಸ್ಪ್ರೇ ವಾರ್ನಿಷ್ ಕೂಡ ಆಯಿತು. ನೋಡಲು ಚೆಂದ, ಒಂದು ಚಕ್ಕೆ ಎಬ್ಬಿಸಿದರೆ ಅಡಿಯಲ್ಲಿ ಬಿಳಿ ಪುಡಿ. ಬ್ಯಾಟರಿ ಮೇಲೆ ತಾಮ್ರದ ನಾಣ್ಯ ಇಟ್ಟರೆ ಕಿಲುಬು ಅದಕ್ಕೇ ಹಿಡಿಯುತ್ತದೆ ಅನ್ನುತ್ತಾರಲ್ಲ, ಇಟ್ಟೆ. ನಾಣ್ಯವೂ ಹಸಿರಾಯಿತು, ಟರ್ಮಿನಲ್ಲೂ ಹಸಿರಾಯಿತು. ಕೋಲಾ ಸುರಿದರೆ ಪುಡಿ ಹೋಗುವುದು ನಿಜ, ಆದರೆ ಅದೂ ಆಮ್ಲವೇ, ಜೊತೆಗೆ ಅಂಟು ಬೇರೆ. ಮೂರನೇ ದಿನ ಬಾಕ್ಸಿನ ತುಂಬ ಇರುವೆ!

ಕೇಬಲ್ ಹೊಸದಾದರೂ ಆಸಿಡ್ ಮೇಲೆ ಬರುವುದು ನಿಲ್ಲಬೇಕಲ್ಲ. ಅಲ್ಲಿ ತಪ್ಪು ನನ್ನದೇ. ಚಾರ್ಜಿಗೆ ಮುಂಚೆ ಡಿಸ್ಟಿಲ್ಡ್ ವಾಟರ್ ಕತ್ತಿನ ತನಕ ತುಂಬುತ್ತಿದ್ದೆ, ಚಾರ್ಜ್ ಆಗುವಾಗ ದ್ರವ ಉಬ್ಬಿ ಹೊರಗೆ ಚೆಲ್ಲುತ್ತಿತ್ತು. ಈಗ ಪ್ಲೇಟು ಮುಳುಗಿದ್ದರೆ ಸಾಕು, ಉಳಿದ ನೀರು ಪೂರ್ತಿ ಚಾರ್ಜ್ ಆದಮೇಲೆ. ಚಾರ್ಜರಿನ ಫ್ಲೋಟ್, ಅಂದರೆ ಬ್ಯಾಟರಿ ತುಂಬಿದ ಮೇಲೂ ಹಿಡಿದಿಡುವ ವೋಲ್ಟೇಜ್, 13.8 ವೋಲ್ಟ್ ಇತ್ತು, ಮಂಚದ ಕೆಳಗಿನ ಸೆಕೆಗೆ ಅದು ಹೆಚ್ಚು. 25 ಡಿಗ್ರಿ ಮೇಲಿನ ಪ್ರತಿ ಡಿಗ್ರಿಗೆ 20ರಿಂದ 30 ಮಿಲಿವೋಲ್ಟ್ ಇಳಿಸಬೇಕು. ನಾನು ಕೈಯಾರೆ 13.5ಕ್ಕೆ ಇಳಿಸಿದೆ, ಆಮೇಲೆ ಟೆಂಪರೇಚರ್ ಸೆನ್ಸರ್ ಇರುವ ಚಾರ್ಜರ್ ಬಂತು. ಗುಳುಗುಳು ಕಡಿಮೆಯಾಯಿತು, ಬಾಕ್ಸ್ ತೆರೆದಾಗ ಮೂಗಿಗೆ ಹೊಡೆಯುತ್ತಿದ್ದ ಘಾಟೂ ಇಳಿಯಿತು. ಗಾಳಿ ಕೊಳವೆ ಹೊರಗೆ ಬಿಟ್ಟೇ ಇರಬೇಕು, ಅದನ್ನು ನಿಮಗೆ ಹೇಳಬೇಕಿಲ್ಲ.

ಬ್ಯಾಟರಿಯ ತಲೆ ಒಣಗಿದೆಯೋ ಇಲ್ಲವೋ ಅಂತ ಕಣ್ಣಿಗೆ ಗೊತ್ತಾಗದು. ಮೀಟರಿನ ಕಪ್ಪು ಮೊನೆ ನೆಗೆಟಿವ್ ಪೋಸ್ಟಿಗಿಟ್ಟು, ಕೆಂಪು ಮೊನೆಯನ್ನು ಮುಚ್ಚಳದ ಪ್ಲಾಸ್ಟಿಕ್ ಮೇಲೆ ಆಡಿಸಿ. ನನಗೆ ಮೊದಲ ದಿನ 3 ವೋಲ್ಟ್ ತೋರಿಸಿತು, ಬರೀ ಪ್ಲಾಸ್ಟಿಕ್ ಮೇಲೆ! ಸೋಡಾ ನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಿದ ಮೇಲೆ ಸೊನ್ನೆಗೆ ಬಂತು. ವೆಂಟ್ ಮುಚ್ಚಳ ಬಿಗಿಯಾಗಿರಲಿ, ಸೋಡಾ ಒಳಗೆ ಇಳಿದರೆ ಸೆಲ್ ಹಾಳು.

ಜೋಡಣೆಯಲ್ಲಿ ನಾನು ತಿದ್ದಿಕೊಂಡದ್ದು ಒಂದೇ. ಲಗ್ಗಿಗೂ ಪೋಸ್ಟಿಗೂ ನಡುವೆ ಸ್ಟೀಲ್ ವಾಷರ್ ಹಾಕುತ್ತಿದ್ದೆ, ಅದನ್ನು ಲಗ್ಗಿನ ಮೇಲಕ್ಕೆ ಸಾಗಿಸಿದೆ. ಜೆಲ್ಲಿ ಕರೆಂಟಿಗೆ ಅಡ್ಡ ಬರುತ್ತದೆ ಅಂತ ಹೆದರುವವರಿದ್ದಾರೆ. ತೆಳುವಾಗಿ ಸವರಿ ಬಿಗಿ ಮಾಡಿದರೆ ಲೋಹ ಲೋಹಕ್ಕೆ ಒತ್ತುವ ಕಡೆ ಅದು ತಾನೇ ಸರಿದುಕೊಳ್ಳುತ್ತದೆ. ಬಿಗಿ ಮಾಡಿದ ಮೇಲೆ ಹೊರಗೆ ದಪ್ಪಗೆ ಮೆತ್ತಿ.

ಈಗ ಅದೇ ಲೋಡಿಗೆ ಪೋಸ್ಟಿನಿಂದ ಆಚೆ ತುದಿಯವರೆಗೆ 60-70 ಮಿಲಿವೋಲ್ಟ್ ಬೀಳುತ್ತದೆ, ಇನ್ವರ್ಟರ್ ಕೂಗಿಲ್ಲ. ಇನ್ನೂ ಬಗ್ಗದ ಮೂಲೆ ಒಂದಿದೆ, ನೆಗೆಟಿವ್ ಕೇಬಲ್ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ ಸೇರುವ ಬೋಲ್ಟು. ರಸ್ತೆಯ ನೀರು ಸಿಡಿಯುವ ಜಾಗ, ವರ್ಷಕ್ಕೊಮ್ಮೆ ಕಬ್ಬಿಣದ ತುಕ್ಕು ಕೆರೆಯಲೇಬೇಕಾಗಿದೆ. ಚಾಸಿಯನ್ನು ನೆಚ್ಚದೆ ಬ್ಯಾಟರಿಯ ತನಕ ನೆಗೆಟಿವ್‌ಗೂ ಬೇರೆ ಕೇಬಲ್ ಎಳೆಯೋಣ ಅಂತಿದ್ದೇನೆ. ಸುಮಾರು ಆರು ಮೀಟರ್ ಬೇಕು, ಇನ್ನೂ ಕೊಂಡಿಲ್ಲ.