ಬಂದೂಕು ಕೊನೆಗೆ ಕೊಳ್ಳಿ: ಕಲಬುರಗಿ ಕಡೆಯವರು ಶೂಟಿಂಗ್ ಶುರು ಮಾಡುವುದು ಹೇಗೆ

ಸೇಡಂ ರಸ್ತೆಯ ಕಡೆ ಒಂದು ಹಳೆಯ ತೊಗರಿ ಗೋದಾಮು ಬಾಡಿಗೆಗೆ ಹಿಡಿದು ನಾನು ಹತ್ತು ಮೀಟರ್ ಏರ್‌ಗನ್ ಕಲಿಸುತ್ತೇನೆ. ನಾಲ್ಕು ಲೇನ್, ಕೈಯಿಂದ ತಿರುಗಿಸುವ ಹಗ್ಗದ ರಾಟೆ, ಕಾಗದದ ಟಾರ್ಗೆಟ್. ಇಷ್ಟೇ ನಮ್ಮ ರೇಂಜ್. ಹೊಸದಾಗಿ ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ. “ಮೇಡಂ, ಯಾವ ಗನ್ ತಗೋಬೇಕ್ರಿ?” ಸದ್ಯಕ್ಕೆ ಯಾವುದೂ ಬೇಡ ಅಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಯಾಕೆ ಬೇಡ, ಅದಕ್ಕೆ ಮೊದಲು ಏನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ನಮ್ಮ ಭಾಗದಲ್ಲಿ ಈ ಹುಚ್ಚು ಹತ್ತುವುದು ಜಾಸ್ತಿ ಜಾತ್ರೆಯಲ್ಲೇ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ ಬರುತ್ತದಲ್ಲ, ಅಲ್ಲಿನ ಬಲೂನು ಅಂಗಡಿಗೆ ನಿಲ್ಲದ ಹುಡುಗ ಕಲಬುರಗಿಯಲ್ಲಿ ಸಿಗುವುದು ಕಷ್ಟ. ಆ ಗನ್ನುಗಳ ಗುರಿ ನೋಡುವ ಸೈಟು ಸಡಿಲ, ನಳಿಗೆ ಸವೆದಿರುತ್ತದೆ. ನೇರ ಗುರಿ ಇಟ್ಟರೆ ಬಲೂನು ಒಡೆಯುವುದಿಲ್ಲ. ಆದರೆ ಗಮನಿಸುವ ಹುಡುಗ ಮೊದಲ ಛರ್ರಾ (ಏರ್‌ಗನ್ನಿನ ಪುಟ್ಟ ಗುಂಡು) ಎಲ್ಲಿ ಬಡಿಯಿತು ಅಂತ ನೋಡುತ್ತಾನೆ. ಮುಂದಿನ ಸಲ ಅಷ್ಟೇ ಪಕ್ಕಕ್ಕೆ ಹಿಡಿಯುತ್ತಾನೆ. ಅಂಥವರು ಬಂದರೆ ನನಗೆ ಖುಷಿ, ಅರ್ಧ ಪಾಠ ಅಂಗಡಿಯವನೇ ಕಲಿಸಿರುತ್ತಾನೆ.

ಇನ್ನು ಕೆಲವರು ಎನ್‌ಸಿಸಿಯಿಂದ ಬರುತ್ತಾರೆ. ನಾನೂ ಹಾಗೇ ಬಂದವಳು. ನೆಲದ ಮೇಲೆ ಮಲಗಿ ಪಾಯಿಂಟ್ ಟೂ ಟೂ ರೈಫಲ್ಲಿನಿಂದ 25 ಮೀಟರ್ ದೂರಕ್ಕೆ ಐದು ಗುಂಡು. ಉಸ್ತಾದರು ಬುಲ್, ಅಂದರೆ ಟಾರ್ಗೆಟ್ಟಿನ ನಡು, ಹೊಡೆದವರನ್ನು ಹೊಗಳುತ್ತಿರಲಿಲ್ಲ. ಐದೂ ತೂತು ಒಂದೇ ಕಡೆ ಬಿದ್ದಿವೆಯಾ ಅಂತ ನೋಡುತ್ತಿದ್ದರು. ಅದಕ್ಕೆ ಗ್ರೂಪಿಂಗ್ ಅನ್ನುತ್ತಾರೆ. ಗ್ರೂಪ್ ಮೂಲೆಯಲ್ಲಿ ಬಿದ್ದರೂ ಸರಿ, ಸೈಟು ತಿರುಗಿಸಿ ನಡುವಿಗೆ ತರಬಹುದು. ಚೆಲ್ಲಾಪಿಲ್ಲಿ ಬಿದ್ದರೆ ಯಾವ ಸ್ಕ್ರೂ ತಿರುಗಿಸಿದರೂ ಉಪಯೋಗ ಇಲ್ಲ. ಕಾಲೇಜಿನಲ್ಲಿ ಓದುತ್ತಿರುವವರಿಗೆ ನನ್ನ ಸಲಹೆ: ಮೊದಲು ಎನ್‌ಸಿಸಿ ಸೇರಿ. ಹತ್ತು ಪೈಸೆ ಖರ್ಚಿಲ್ಲದೆ ನಿಜವಾದ ರೈಫಲ್ ಮುಟ್ಟಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮೂರನೆಯವರು ಮುತ್ಯಾನ, ಅಂದರೆ ಅಜ್ಜನ, ಕಥೆ ಕೇಳಿ ಬರುವವರು. “ನಮ್ ಮುತ್ಯಾ ಚಿಂಚೋಳಿ ಅಡವ್ಯಾಗ ಬ್ಯಾಟಿ ಆಡ್ತಿದ್ದ್ರಿ” ಅಂತ ಶುರು ಮಾಡುತ್ತಾರೆ. ಸುಳ್ಳೇನಲ್ಲ. ನಿಜಾಮರ ಕಾಲದಲ್ಲೂ, ಆಮೇಲೂ ಇಲ್ಲಿ ಬೇಟೆ ನಡೆಯುತ್ತಿತ್ತು. ಹಬ್ಬಕ್ಕೆ ಊರಿಗೆ ಊರೇ ನಾಯಿ ಕಟ್ಟಿಕೊಂಡು ಮೊಲದ ಹಿಂದೆ ಹೋಗುತ್ತಿತ್ತು. ಕಥೆ ಮುಗಿದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ: ಬೇಟೆಗೆ ಲೈಸೆನ್ಸ್ ಎಲ್ಲಿ ಸಿಗ್ತದ್ರಿ?

ಎಲ್ಲೂ ಸಿಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಕಟ್ಟಿಹಾಕಿತು. ಪರವಾನಗಿ ಪಡೆದು ಬೇಟೆಯಾಡಲು ಉಳಿದಿದ್ದ ಸಂದಿಯನ್ನು 1991ರ ತಿದ್ದುಪಡಿ ಮುಚ್ಚಿತು. ಮುತ್ಯಾ ಹೇಳುವ ಆ ಚಿಂಚೋಳಿ ಅಡವಿ 2011ರಿಂದ ವನ್ಯಜೀವಿ ಧಾಮ. ಬೀದರ್ ಕಡೆಯ ಬಯಲಿನಲ್ಲಿ ಓಡಾಡುವ ಕೃಷ್ಣಮೃಗ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಅದನ್ನು ಹೊಡೆದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಮೊಲ, ಕೌಜುಗಕ್ಕೂ ರಕ್ಷಣೆ ಇದೆ. “ಬರೀ ಛರ್ರೆ ಬಂದೂಕು ಅಲ್ವಾ” ಅನ್ನುವ ಮಾತು ನಡೆಯುವುದಿಲ್ಲ. ಕವಣಿಯಿಂದ ಹೊಡೆದರೂ ಬೇಟೆ ಬೇಟೆಯೇ. ಹೊಲಕ್ಕೆ ಹಂದಿ ನುಗ್ಗಿ ತೊಗರಿ ಹಾಳು ಮಾಡಿದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಬೆಳೆ ಪರಿಹಾರ ಕೇಳಿ. ಬಂದೂಕು ಹಿಡಿದು ಬದುವಿನ ಮೇಲೆ ಕೂರಬೇಡಿ.

ಮುತ್ಯಾನ ಬಂದೂಕು ಇನ್ನೂ ಮನೆಯ ಅಟ್ಟದಲ್ಲಿದ್ದರೆ ಅದು ಬೇರೆಯೇ ತಲೆನೋವು. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಅದು ತಾನಾಗಿ ಮಕ್ಕಳ ಹೆಸರಿಗೆ ಬರುವುದಿಲ್ಲ. ಬಂದೂಕನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೋ ಠೇವಣಿ ಇಟ್ಟು, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ನೆನಪಿಗಾಗಿ ಇಟ್ಟುಕೊಂಡಿದ್ದೇವೆ ಅಂದರೆ ಯಾರೂ ಕೇಳುವುದಿಲ್ಲ.

ಸರಿ, ಈಗ ಕಲಿಯುವ ವಿಷಯ.

ಮೊದಲು ಕಣ್ಣು. ಎರಡೂ ಕೈ ಚಾಚಿ, ಬೆರಳುಗಳ ನಡುವೆ ಒಂದು ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ದೂರದ ಗಡಿಯಾರವನ್ನು ಎರಡೂ ಕಣ್ಣು ತೆರೆದು ನೋಡಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಗುರಿಯ ಕಣ್ಣು. ಬಲಗೈಯವರಿಗೆ ಎಡಗಣ್ಣು ಬಲವಾಗಿರುವುದು ಅಪರೂಪವೇನಲ್ಲ. ರೈಫಲ್ ಆದರೆ ಕಣ್ಣಿನ ಮಾತು ಕೇಳಿ, ಎಡ ಭುಜಕ್ಕೆ ಇಟ್ಟು ಕಲಿಯಿರಿ. ಶುರುವಿನಲ್ಲೇ ಆದರೆ ಇದು ಸುಲಭ. ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚಬೇಡಿ, ಮುಖದ ನರ ಸೋಲುತ್ತದೆ. ಕನ್ನಡಕಕ್ಕೆ ಒಂದು ಬಿಳಿ ಪಟ್ಟಿ ಅಂಟಿಸಿ ಮರೆ ಮಾಡಿದರೆ ಸಾಕು.

ರೈಫಲ್ಲೋ ಪಿಸ್ತೂಲೋ? ಕಲಬುರಗಿಯವರಿಗೆ ನಾನು ಪಿಸ್ತೂಲ್ ಅನ್ನುತ್ತೇನೆ. ರೈಫಲ್ಲಿಗೆ ದಪ್ಪ ಕ್ಯಾನ್ವಾಸಿನ ಜಾಕೆಟ್, ಪ್ಯಾಂಟ್, ಗ್ಲೌಸ್, ಬೂಟು ಎಲ್ಲಾ ಬೇಕು. ಏಪ್ರಿಲ್ ತಿಂಗಳಲ್ಲಿ ನಮ್ಮ ಬಿಸಿಲಿಗೆ ಆ ಜಾಕೆಟ್ ಹಾಕಿ ಒಂದು ತಾಸು ನಿಂತು ನೋಡಿ, ಗೊತ್ತಾಗುತ್ತದೆ. ಪಿಸ್ತೂಲಿಗೆ ಟೀಶರ್ಟ್ ಸಾಕು. ಆದರೆ ಗನ್ನು ಸುಮಾರು ಒಂದು ಕೆಜಿ ತೂಗುತ್ತದೆ, ಹಿಡಿಯುವುದು ಒಂದೇ ಕೈಯಲ್ಲಿ. ಹತ್ತು ವರ್ಷದ ಮಗುವಿಗೆ ಅದು ಭಾರ. ಅಂಥವರನ್ನು ಸ್ಟ್ಯಾಂಡ್ ಮೇಲೆ ರೈಫಲ್ ಇಟ್ಟು ಶುರು ಮಾಡಿಸುತ್ತೇನೆ. ಎರಡರ ಟಾರ್ಗೆಟ್ಟೂ ಬೇರೆ. ಪಿಸ್ತೂಲಿನಲ್ಲಿ ಹತ್ತು ಅಂಕದ ನಡು ವೃತ್ತ 11.5 ಮಿಲಿಮೀಟರ್ ಅಗಲ. ರೈಫಲ್ಲಿನಲ್ಲಿ ಅದು ಅರ್ಧ ಮಿಲಿಮೀಟರಿನ ಚುಕ್ಕೆ, ಸಾಸಿವೆ ಕಾಳಿಗಿಂತ ಸಣ್ಣದು.

ಇನ್ನು ಬಲಗೈಯವರು ಪಿಸ್ತೂಲಿನಲ್ಲಿ ಒಂದು ಶಾಟ್ ಹೇಗೆ ಹೊಡೆಯುವುದು ಅಂತ ನಿಧಾನವಾಗಿ ಹೇಳುತ್ತೇನೆ. ಉಳಿದದ್ದೆಲ್ಲಾ ಇದರ ಮೇಲೆ ನಿಂತಿದೆ.

ಪಾದಗಳನ್ನು ಭುಜದಷ್ಟು ಅಗಲಿಸಿ, ಬಲ ಭುಜ ಟಾರ್ಗೆಟ್ ಕಡೆಗೆ ಬರುವಂತೆ ಪಕ್ಕಕ್ಕೆ ತಿರುಗಿ ನಿಲ್ಲಿ. ಎಡಗೈ ಪ್ಯಾಂಟಿನ ಜೇಬಿಗೆ. ಕಣ್ಣು ಮುಚ್ಚಿ ಕೈ ಎತ್ತಿ, ಆಮೇಲೆ ಕಣ್ಣು ತೆರೆಯಿರಿ. ಗನ್ನು ಟಾರ್ಗೆಟ್ಟಿನ ಎಡಕ್ಕೋ ಬಲಕ್ಕೋ ನಿಂತಿದ್ದರೆ ಕೈ ತಿರುಗಿಸಿ ಸರಿಮಾಡಬೇಡಿ. ಹಿಂದಿನ ಪಾದವನ್ನು ಸ್ವಲ್ಪ ಸರಿಸಿ, ಇಡೀ ಮೈ ತಿರುಗಲಿ. ಕೈ ತಾನಾಗಿ ಟಾರ್ಗೆಟ್ ಕಡೆ ಬಂದು ನಿಲ್ಲುವವರೆಗೂ ಇದೇ ಆಟ.

ಉಸಿರು ಒಳಗೆ ಎಳೆಯುತ್ತಾ ಗನ್ನನ್ನು ಟಾರ್ಗೆಟ್ಟಿಗಿಂತ ಮೇಲಕ್ಕೆ ಎತ್ತಿ. ಉಸಿರು ಬಿಡುತ್ತಾ ಕೆಳಗೆ ಇಳಿಸಿ, ಕಪ್ಪು ವೃತ್ತದ ಕೆಳಗಿನ ಬಿಳಿ ಜಾಗದಲ್ಲಿ ನಿಲ್ಲಿಸಿ. ಕಪ್ಪಿನ ನಡುವಿಗಲ್ಲ, ಕೆಳಗಿನ ಬಿಳಿಗೆ. ಕಪ್ಪಿನ ಮೇಲೆ ಕಪ್ಪು ಸೈಟು ಕಾಣುವುದಿಲ್ಲವಲ್ಲ, ಅದಕ್ಕೆ. ಸೈಟನ್ನೇ ಆ ಲೆಕ್ಕಕ್ಕೆ ಹೊಂದಿಸಿರುತ್ತೇವೆ. ಈಗ ಕಣ್ಣು ನಳಿಗೆಯ ತುದಿಯಲ್ಲಿರುವ ಮುಂದಿನ ಸೈಟಿನ ಮೇಲೆ ಮಾತ್ರ. ಅದು ಚೂಪಾಗಿ ಕಾಣಬೇಕು, ಟಾರ್ಗೆಟ್ ಮಂಜು ಮಂಜಾಗಿ ಕಂಡರೆ ಚಿಂತೆ ಇಲ್ಲ. ಹೊಸಬರು ಒಪ್ಪದ ಮಾತು ಇದು. ಹೊಡೆಯಬೇಕಾದ್ದನ್ನೇ ನೋಡಬಾರದು ಅಂದರೆ ಹೇಗ್ರಿ ಅನ್ನುತ್ತಾರೆ. ಲೆಕ್ಕ ಹಾಕಿ. ಕೈ ಇಡಿಯಾಗಿ ಒಂದು ಮಿಲಿಮೀಟರ್ ಸರಿದರೆ ಛರ್ರಾ ಕೂಡ ಒಂದೇ ಮಿಲಿಮೀಟರ್ ಸರಿಯುತ್ತದೆ, ಅದು ಹತ್ತರಲ್ಲೇ ಇರುತ್ತದೆ. ಆದರೆ ಎರಡು ಸೈಟುಗಳ ನಡುವಿನ ಅಂತರ ಒಂದಡಿಯ ಆಸುಪಾಸು. ಮಣಿಕಟ್ಟು ತಿರುಗಿ ಮುಂದಿನ ಸೈಟು ಹಿಂದಿನ ಸೈಟಿನ ಸೀಳಿನೊಳಗೆ ಒಂದು ಮಿಲಿಮೀಟರ್ ಸರಿದರೆ, ಹತ್ತು ಮೀಟರ್ ದೂರದಲ್ಲಿ ಛರ್ರಾ ಸುಮಾರು 30 ಮಿಲಿಮೀಟರ್ ಆಚೆ ಬೀಳುತ್ತದೆ. ಕೈ ನಡುಗುವುದು ಅಷ್ಟು ದೊಡ್ಡ ಶತ್ರು ಅಲ್ಲ. ಎಲ್ಲರ ಕೈಯೂ ನಡುಗುತ್ತದೆ.

ಟ್ರಿಗರ್ ಮೇಲೆ ಬೆರಳಿನ ಮೊದಲ ಗಿಣ್ಣಿನ ಮೆತ್ತನೆ ಭಾಗ ಇರಲಿ. ನೇರ ಹಿಂದಕ್ಕೆ, ಮೆಲ್ಲಗೆ ಒತ್ತುತ್ತಾ ಹೋಗಿ. ‘ಈಗ ಹೊಡೀತೀನಿ’ ಅಂತ ನಿರ್ಧರಿಸಿ ಎಳೆದರೆ ಮಣಿಕಟ್ಟು ಜಿಗಿಯುತ್ತದೆ. ಗನ್ನು ಸಿಡಿದದ್ದು ನಿಮಗೇ ಸಣ್ಣ ಅಚ್ಚರಿ ಆಗಬೇಕು. ಸಿಡಿದ ಮೇಲೂ ಎರಡು ಸೆಕೆಂಡ್ ಹಾಗೇ ಹಿಡಿದಿರಿ, ಸೈಟು ನೋಡುತ್ತಲೇ ಇರಿ. ಕೈ ನಿಂತ ಮೇಲೆ ಏಳೆಂಟು ಸೆಕೆಂಡಿನಲ್ಲಿ ಶಾಟ್ ಆಗದಿದ್ದರೆ ಗನ್ನು ಕೆಳಗಿಳಿಸಿ. ನಮ್ಮಲ್ಲಿ ಯಾರಾದರೂ ಹಾಗೆ ಇಳಿಸಿದರೆ ನಾನು ಬೆನ್ನು ತಟ್ಟುತ್ತೇನೆ, ಒಂಬತ್ತು ಹೊಡೆದವರಿಗಿಂತ ಮೊದಲು.

ಶುರುವಿನಲ್ಲಿ ಇದನ್ನೆಲ್ಲಾ ಖಾಲಿ ಗನ್ನಿನಲ್ಲಿ, ಏನೂ ಬರೆಯದ ಬಿಳಿ ಗೋಡೆಯ ಮುಂದೆ ಮಾಡಿಸುತ್ತೇನೆ. ಇದಕ್ಕೆ ಡ್ರೈ ಫೈರಿಂಗ್ ಅನ್ನುತ್ತಾರೆ. ವೃತ್ತ ಇಲ್ಲದಿದ್ದರೆ ಅಂಕದ ಆಸೆಯೂ ಇಲ್ಲ, ಸೈಟು ಮಾತ್ರ ಕಾಣುತ್ತದೆ. ದೊಡ್ಡ ಶೂಟರುಗಳೂ ಇದನ್ನು ಬಿಡುವುದಿಲ್ಲ. ಮನೆಯಲ್ಲಿ ಒಂದು ಲೀಟರ್ ನೀರಿನ ಬಾಟಲಿಯನ್ನು ಕೈ ಚಾಚಿ ಹಿಡಿದು ನಿಂತರೂ ಭುಜ ತಯಾರಾಗುತ್ತದೆ. ಇದಕ್ಕೂ ಗನ್ನು ಬೇಡ, ನೋಡಿದಿರಾ?

ಮನೆಯಲ್ಲೇ ರೇಂಜ್ ಮಾಡಿಕೊಳ್ಳುವವರಿಗೆ ಒಂದು ಎಚ್ಚರಿಕೆ. ನಮ್ಮ ಊರಿನಲ್ಲಿ ನೆಲ, ಗೋಡೆ, ಕಾಂಪೌಂಡು ಎಲ್ಲಾ ಶಹಾಬಾದ್ ಕಲ್ಲು. ಛರ್ರಾ ಅದಕ್ಕೆ ಬಡಿದರೆ ಎತ್ತ ಚಿಮ್ಮುತ್ತದೆ ಅಂತ ಹೇಳಲಾಗದು. ಮರದ ಪೆಟ್ಟಿಗೆಯೊಳಗೆ ಉಕ್ಕಿನ ತಗಡನ್ನು 45 ಡಿಗ್ರಿ ಕೆಳಮುಖವಾಗಿ ಓರೆ ನಿಲ್ಲಿಸಿ, ಅದರ ಮುಂದೆ ಟಾರ್ಗೆಟ್ ಕಟ್ಟಿ. ಪೆಟ್ಟಿಗೆಯ ಹಿಂದೆ ಗೋಡೆಗೆ ಹಳೆಯ ಕಂಬಳಿ ಮಡಚಿ ತೂಗುಹಾಕಿ. ಟಾರ್ಗೆಟ್ಟಿನ ನಡು ನೆಲದಿಂದ 1.4 ಮೀಟರ್ ಎತ್ತರಕ್ಕಿರಲಿ. ದೂರ ಅಳೆಯುವುದು ಸುಲಭ: ಎರಡಡಿಯ ಫರಸಿ ಇದ್ದರೆ ಹದಿನಾರು ಕಲ್ಲು ಎಣಿಸಿ, ಮೇಲೆ ಹತ್ತು ಇಂಚು ಸೇರಿಸಿ. ಟಾರ್ಗೆಟ್ ಕಡೆ ಬಾಗಿಲು ಇರಬಾರದು. ಇದರಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ. ಬಾಗಿಲಿಗೆ ಚಿಲಕ ಹಾಕಿದ್ದೇವೆ ಅನ್ನುತ್ತಾರೆ. ಮಕ್ಕಳು ಚಿಲಕ ತೆಗೆಯುತ್ತಾರೆ.

ಸ್ಪರ್ಧೆಗೆ ಬಳಸುವ ಮ್ಯಾಚ್ ಗನ್ನಿನ ಛರ್ರಾ ಅರ್ಧ ಗ್ರಾಂ ತೂಕ, ಶಕ್ತಿ ಎಂಟು ಜೂಲ್ ಆಸುಪಾಸು. ಕಡಿಮೆ ಅನಿಸಬಹುದು, ಕಣ್ಣು ಹೋಗಲು ಅಷ್ಟು ಸಾಕು. ಸಾಲಿನಲ್ಲಿ ನಿಂತವರೆಲ್ಲ ಗನ್ನು ಕೆಳಗಿಡುವವರೆಗೆ ಯಾರೂ ಮುಂದೆ ಹೋಗಬಾರದು. ಹೊಡೆಯದಿರುವಾಗ ನಳಿಗೆಯಲ್ಲಿ ಬಣ್ಣದ ದಾರ ಇರಬೇಕು, ಅದೇ ಸೇಫ್ಟಿ ಫ್ಲಾಗ್. ಹಾಂ, ಛರ್ರಾ ಸೀಸದ್ದು. ಕೈ ಸೋಪಿನಿಂದ ತೊಳೆಯದೆ ಎಲೆ ಅಡಿಕೆ, ಗುಟ್ಕಾ ಬಾಯಿಗೆ ಹಾಕಿದರೆ ನಾನು ಬೈಯುತ್ತೇನೆ. ಗುಟ್ಕಾ ಹಾಕಿದರೆ ಹೇಗೂ ಬೈಯುತ್ತೇನೆ.

ನಿಂತಲ್ಲೇ ಹತ್ತು ಶಾಟ್ ಒಂದೇ ಕಡೆ ಗ್ರೂಪ್ ಆಗತೊಡಗಿದ ಮೇಲೆ ಗನ್ನು ನೋಡಿ. ಬೋರ್ (ನಳಿಗೆಯ ಒಳ ಅಗಲ) 4.5 ಮಿಲಿಮೀಟರ್, ಅಂದರೆ 0.177 ಇಂಚು, ಶಕ್ತಿ 20 ಜೂಲ್ ಒಳಗೆ ಇದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಜಾಸ್ತಿ ದಪ್ಪ ಛರ್ರಾ, ಜಾಸ್ತಿ ಪವರ್ ಅಂತ ಯಾರಾದರೂ 5.5 ಮಿಲಿಮೀಟರಿನದು ತೋರಿಸಿದರೆ ಬೇಡ ಅನ್ನಿ. ಅದಕ್ಕೆ ಲೈಸೆನ್ಸ್ ಬೇಕು, ಹತ್ತು ಮೀಟರ್ ಸ್ಪರ್ಧೆಗೂ ಅದು ನಡೆಯುವುದಿಲ್ಲ. ಬಿಲ್ ತಪ್ಪದೆ ತೆಗೆದುಕೊಳ್ಳಿ. ಪ್ರಿಸಿಹೋಲ್‌ನಂಥ ನಮ್ಮ ದೇಶದ ಕಂಪನಿಯ ಗನ್ನುಗಳು ಶುರುವಿಗೆ ಸಾಕು. ವಾಲ್ಥರ್, ಸ್ಟೇಯರ್, ಮೊರಿನಿಯಂಥ ವಿದೇಶಿ ಗನ್ನುಗಳೆಲ್ಲಾ ಲಕ್ಷದ ಮೇಲಿನ ಮಾತು. ಮಗ ಟಿವಿಯಲ್ಲಿ ಶೂಟರ್ ಮನು ಭಾಕರ್ ಅವರ 2024ರ ಪ್ಯಾರಿಸ್ ಒಲಿಂಪಿಕ್ಸ್ ಪದಕ ನೋಡಿ ಹಟ ಹಿಡಿದಿದ್ದಾನೆ ಅಂತ ತೊಗರಿ ಮಾರಿದ ದುಡ್ಡನ್ನೆಲ್ಲಾ ಅದಕ್ಕೆ ಹಾಕಬೇಡಿ. ಹಟ ಒಂದು ಮಳೆಗಾಲ ದಾಟಲಿ.

ಸ್ಪರ್ಧೆಗೆ ಇಳಿಯಬೇಕಾದರೆ ಕ್ಲಬ್ಬಿನ ಮೂಲಕ ಬೆಂಗಳೂರಿನ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಲ್ಲಿ ಹೆಸರು ಇರಬೇಕು. ಅದರ ಮೇಲೆ ದೆಹಲಿಯ ರಾಷ್ಟ್ರೀಯ ರೈಫಲ್ ಸಂಸ್ಥೆ, ಎನ್‌ಆರ್‌ಎಐ. ತರಬೇತಿಗೆ ಹೈದರಾಬಾದ್ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ, ಬೀದರ್‌ನವರಿಗಂತೂ ಪಕ್ಕದ ಊರಿದ್ದಂತೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಗಗನ್ ನಾರಂಗ್ ಬೆಳೆದದ್ದೂ ಅಲ್ಲೇ. ಕಲಿಯಲು ಅಲ್ಲಿಗೆ ಹೋಗಿ, ಆದರೆ ಕರ್ನಾಟಕದ ಪರ ಆಡಬೇಕಾದರೆ ನೋಂದಣಿ ಇಲ್ಲಿಯೇ ಇರಲಿ.

ಮೊದಲ ಸ್ಪರ್ಧೆಗೆ ಹೋಗುವಾಗ ಗನ್ನು ಕೇಸಿನೊಳಗೆ, ಗನ್ನು ಕೊಂಡ ಬಿಲ್ ಮತ್ತು ಗುರುತಿನ ಚೀಟಿ ಜೊತೆಗೆ. ಮನೆಯಲ್ಲಿ ಯಾವ ಛರ್ರಾ ಹೊಡೆದು ಅಭ್ಯಾಸವೋ ಅದೇ ಡಬ್ಬಿ ಒಯ್ಯಿರಿ, ಅಲ್ಲಿ ಹೋಗಿ ಹೊಸದು ಕೊಳ್ಳಬೇಡಿ. ಅರವತ್ತು ಶಾಟಿಗೆ 75 ನಿಮಿಷ ಕೊಡುತ್ತಾರೆ, ಅವಸರ ಬೇಕಿಲ್ಲ. ಶುರುವಿಗೆ ಮೊದಲು ಪರೀಕ್ಷೆಯ ಟೇಬಲ್ಲಿನಲ್ಲಿ ಪಿಸ್ತೂಲಿನ ಟ್ರಿಗರಿಗೆ 500 ಗ್ರಾಂ ತೂಕ ನೇತುಹಾಕಿ ಎತ್ತುತ್ತಾರೆ. ಅಷ್ಟರೊಳಗೇ ಟ್ರಿಗರ್ ಸಿಡಿದರೆ ಗನ್ನು ವಾಪಸ್. ಊರಿನಿಂದ ಹೊರಡುವ ಮುಂಚೆಯೇ 510ಕ್ಕೆ ಬಿಗಿ ಮಾಡಿಕೊಂಡು, ಆ ಬಿಗಿಯಲ್ಲೇ ಒಂದು ವಾರ ಅಭ್ಯಾಸ ಮಾಡಿ ಹೋಗಿ.